ಪರದೆಯ ಮೇಲಿನ ಸಾಹಿತ್ಯ ಉತ್ಸವ: ಜೈಪುರ, ಮುಂಬೈ, ಬೆಂಗಳೂರು

2012ರ ಜನವರಿ 24ರ ಮಧ್ಯಾಹ್ನ ಜೈಪುರದ ಡಿಗ್ಗಿ ಅರಮನೆಯ ಹುಲ್ಲುಹಾಸಿನ ಮೇಲೆ ಜನ ಕಿಕ್ಕಿರಿದಿದ್ದರು. ಸಾಹಿತ್ಯ ಉತ್ಸವದ ಕೊನೆಯ ದಿನ ಅದು. ಅವರು ಕಾಯುತ್ತಿದ್ದದ್ದು ವೇದಿಕೆಗೆ ಬರಲಿರುವ ಲೇಖಕನಿಗಾಗಿ ಅಲ್ಲ, ಪರದೆಯ ಮೇಲೆ ಕಾಣಿಸಲಿರುವ ಲೇಖಕನಿಗಾಗಿ. ಸಲ್ಮಾನ್ ರಶ್ದಿ ವಿಡಿಯೋ ಸಂಪರ್ಕದ ಮೂಲಕ ಮಾತನಾಡುತ್ತಾರೆ ಎಂದು ಘೋಷಣೆಯಾಗಿತ್ತು.

ರಶ್ದಿ ಆ ಉತ್ಸವಕ್ಕೆ ಹೊಸಬರಲ್ಲ. 2007ರಲ್ಲಿ ಅವರು ಇದೇ ಅಂಗಳಕ್ಕೆ ಬಂದು, ಮಾತಾಡಿ, ಯಾವ ಗದ್ದಲವೂ ಇಲ್ಲದೆ ಹಿಂತಿರುಗಿದ್ದರು. ಐದು ವರ್ಷಗಳ ನಂತರ ಅವರ ಭೇಟಿಯ ಸುದ್ದಿ ಹೊರಬಿದ್ದಾಗ ದೇವಬಂದಿನ ದಾರುಲ್ ಉಲೂಮ್‌ನಿಂದ ವಿರೋಧ ಬಂತು. ಮುಂಬೈ ಭೂಗತ ಲೋಕದ ಬಾಡಿಗೆ ಹಂತಕರು ಹೊರಟಿದ್ದಾರೆ ಎಂಬ ಮಾಹಿತಿಯನ್ನು ಪೊಲೀಸರು ಮುಟ್ಟಿಸಿದರು. ಅದನ್ನು ಕೇಳಿ ರಶ್ದಿ ತಮ್ಮ ಪ್ರಯಾಣ ರದ್ದು ಮಾಡಿದರು. ಆ ಮಾಹಿತಿಯೇ ಕಟ್ಟುಕಥೆ ಎಂದು ತಮಗೆ ಅನ್ನಿಸುತ್ತಿದೆ ಎಂದು ಬಳಿಕ ಹೇಳಿದರು. ಉತ್ಸವದ ಮೊದಲ ದಿನವೇ ಹರಿ ಕುನ್ಜ್ರು ಮತ್ತು ಅಮಿತಾವ ಕುಮಾರ್ ವೇದಿಕೆಯಿಂದ ರಶ್ದಿಯವರ ‘ಸಟಾನಿಕ್ ವರ್ಸಸ್’ ಕಾದಂಬರಿಯ ಭಾಗಗಳನ್ನು ಓದಿದರು. ಜೀತ್ ತಯಿಲ್, ರುಚಿರ್ ಜೋಶಿ ಕೂಡ ತಮ್ಮ ಗೋಷ್ಠಿಗಳಲ್ಲಿ ಓದಿದರು. 1988ರಿಂದ ಆಮದು ನಿಷೇಧದಲ್ಲಿದ್ದ ಪುಸ್ತಕ ಅದು. ನಾಲ್ವರೂ ಉತ್ಸವ ಮುಗಿಯುವ ಮುನ್ನವೇ ಜೈಪುರ ಬಿಡಬೇಕಾಯಿತು.

ಉಳಿದದ್ದು ವಿಡಿಯೋ ಮಾತುಕತೆ ಮಾತ್ರ. ಲೇಖಕನ ದೇಹಕ್ಕೆ ಅಪಾಯವಿದ್ದರೆ ದೇಹ ದೂರದಲ್ಲಿರಲಿ, ಮಾತು ಮಾತ್ರ ಬರಲಿ ಎಂಬುದು ಸಂಘಟಕರ ಲೆಕ್ಕಾಚಾರ. ಆದರೆ ಪ್ರತಿಭಟನಕಾರರು ಆವರಣದೊಳಗೇ ಬಂದು ನಿಂತಿದ್ದರು. ಅರಮನೆಯ ಮಾಲೀಕ ರಾಮ್ ಪ್ರತಾಪ್ ಸಿಂಗ್ ವೇದಿಕೆಗೆ ಬಂದು, ಹಿಂಸಾಚಾರದ ಭೀತಿ ಇರುವುದರಿಂದ ಪ್ರಸಾರಕ್ಕೆ ಅವಕಾಶ ಕೊಡಲಾಗದು ಎಂದು ಪ್ರಕಟಿಸಿದರು. ಉತ್ಸವದ ನಿರ್ಮಾಪಕ ಸಂಜಯ್ ರಾಯ್ ಗದ್ಗದಿತರಾದರು. ಅದೇ ಸಂಜೆ ರಶ್ದಿ ಟೆಲಿವಿಷನ್ ಸಂದರ್ಶನದಲ್ಲಿ ಬರ್ಖಾ ದತ್ ಅವರೊಡನೆ ಮಾತಾಡಿದರು, ದೇಶವೆಲ್ಲ ನೋಡಿತು. ಉತ್ಸವದ ಪರದೆ ಮಾತ್ರ ಬರಿದಾಗಿಯೇ ಉಳಿಯಿತು.

ಸಾಹಿತ್ಯ ಉತ್ಸವಗಳ ಆನ್‌ಲೈನ್ ಚರಿತ್ರೆಯನ್ನು 2020ರ ಲಾಕ್‌ಡೌನಿನಿಂದ ಶುರು ಮಾಡುವುದು ಈಗ ರೂಢಿಯಾಗಿದೆ. ನಿಜ, ಆ ವರ್ಷದಿಂದಲೇ ಪರದೆಯ ಗೋಷ್ಠಿಗಳು ನೂರುಗಟ್ಟಲೆ ಹುಟ್ಟಿದವು. ಆದರೆ ಅವುಗಳ ಮೂಲ ಪ್ರಶ್ನೆ 2012ರ ಆ ಮಧ್ಯಾಹ್ನವೇ ಎದುರಾಗಿತ್ತು: ದೂರದಿಂದ ಬರುವ ಮಾತಿಗೆ ಬಾಗಿಲು ತೆರೆಯುವವರು ಯಾರು, ಮುಚ್ಚುವವರು ಯಾರು? ಮುಂದಿನ ವರ್ಷಗಳ ಕಥೆಯನ್ನು ಈ ಪ್ರಶ್ನೆಯನ್ನು ಬಿಟ್ಟು ಹೇಳಲು ಬರುವುದಿಲ್ಲ.

ಜೈಪುರ ಉತ್ಸವ ದೊಡ್ಡದಾಗಿ ಹುಟ್ಟಿದ್ದಲ್ಲ. ಫೇತ್ ಸಿಂಗ್ ಕಟ್ಟಿದ ಜೈಪುರ ವಿರಾಸತ್ ಸಂಸ್ಥೆಯ ಪಾರಂಪರಿಕ ಉತ್ಸವದ ಒಂದು ಅಂಗವಾಗಿ 2006ರಲ್ಲಿ ಅದು ಶುರುವಾಯಿತು. ಮೊದಲ ವರ್ಷ ಬಂದ ಲೇಖಕರು ಇಪ್ಪತ್ತಕ್ಕಿಂತ ಕಡಿಮೆ, ಕೇಳುಗರು ನೂರರ ಆಸುಪಾಸು. ಆ ನೂರರಲ್ಲೂ ಕೆಲವರು ದಾರಿ ತಪ್ಪಿ ಒಳಬಂದ ಪ್ರವಾಸಿಗರು ಎಂದು ವಿಲಿಯಂ ಡಾಲ್ರಿಂಪಲ್ ನೆನೆಸಿಕೊಳ್ಳುವುದುಂಟು. ಕಾದಂಬರಿಕಾರ್ತಿ ನಮಿತಾ ಗೋಖಲೆ ಮತ್ತು ಡಾಲ್ರಿಂಪಲ್ ನಿರ್ದೇಶಕರಾಗಿ, ಸಂಜಯ್ ರಾಯ್ ಅವರ ಟೀಮ್‌ವರ್ಕ್ ಆರ್ಟ್ಸ್ ನಿರ್ಮಾಣದ ಹೊಣೆ ಹೊತ್ತು, 2008ರ ಹೊತ್ತಿಗೆ ಅದು ಸ್ವತಂತ್ರ ಉತ್ಸವವಾಗಿ ನಿಂತಿತು. ಮುಂದೆ ನೊಬೆಲ್ ಪುರಸ್ಕೃತರು ಬಂದರು. 2011ರಲ್ಲಿ ಓರ್ಹಾನ್ ಪಾಮುಕ್ ಮತ್ತು ಜೆ. ಎಂ. ಕುಟ್ಸೀ ಒಂದೇ ವರ್ಷ ಬಂದಿದ್ದರು. ಕಿರುಪಟ್ಟಣಗಳ ಕಾಲೇಜು ಹುಡುಗ ಹುಡುಗಿಯರು ರಾತ್ರಿ ರೈಲು ಹತ್ತಿ ಬಂದು ಹುಲ್ಲಿನ ಮೇಲೆ ಕೂತರು. ಪ್ರವೇಶ ಉಚಿತವಾಗಿದ್ದದ್ದು ಉತ್ಸವದ ಬೆಳವಣಿಗೆಗೆ ಕೊಟ್ಟ ಶಕ್ತಿ ದೊಡ್ಡದು. ಮಂತ್ರಿಯಾಗಲಿ ವಿದ್ಯಾರ್ಥಿಯಾಗಲಿ, ಮೊದಲು ಬಂದವರಿಗೆ ಮೊದಲ ಕುರ್ಚಿ.

ಆದರೆ ಅಂಗಳಕ್ಕೆ ಒಂದು ಅಳತೆ ಇದೆ. ಡಿಗ್ಗಿ ಅರಮನೆ ಹತ್ತೊಂಬತ್ತನೆಯ ಶತಮಾನದ ಹವೇಲಿ. ದರ್ಬಾರ್ ಹಾಲ್, ಮುಂಭಾಗದ ಹುಲ್ಲುಹಾಸು, ಮೊಘಲ್ ಟೆಂಟ್ ಎಲ್ಲ ಸೇರಿಸಿದರೂ ಒಂದು ಮಿತಿಯ ಆಚೆ ಜನ ಹಿಡಿಯುವುದಿಲ್ಲ. ಕೆಲವು ಗೋಷ್ಠಿಗಳಿಗೆ ಒಳಗೆ ಇದ್ದಷ್ಟೇ ಜನ ಹೊರಗೆ ಉಳಿಯುತ್ತಿದ್ದರು. ಹಾಗಾಗಿ ಗೋಷ್ಠಿಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವ ಪದ್ಧತಿ ಕೋವಿಡ್ಡಿಗಿಂತ ಬಹಳ ಮೊದಲೇ ಬಂದಿತ್ತು. 2020ರಲ್ಲಿ ಇದ್ದಕ್ಕಿದ್ದಂತೆ ಆನ್‌ಲೈನಿಗೆ ಹೋಗಬೇಕಾಗಿ ಬಂದಾಗ ಜೈಪುರದವರ ಕೈಯಲ್ಲಿ ಕ್ಯಾಮೆರಾ ಕೆಲಸ ಬಲ್ಲ ತಂಡವೂ, ನೋಡುವ ಅಭ್ಯಾಸವಾಗಿದ್ದ ಪ್ರೇಕ್ಷಕರೂ ಇದ್ದರು. ಎಷ್ಟೋ ಉತ್ಸವಗಳಿಗೆ ಇವೆರಡೂ ಇರಲಿಲ್ಲ.

ಆ ವರ್ಷದ ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಜೈಪುರ ಉತ್ಸವ ಮುಗಿದದ್ದು 2020ರ ಜನವರಿ 27ಕ್ಕೆ. ಭಾರತದ ಮೊದಲ ಕೋವಿಡ್ ಪ್ರಕರಣ ಕೇರಳದಲ್ಲಿ ದೃಢಪಟ್ಟದ್ದು ಜನವರಿ 30ಕ್ಕೆ. ಕಲಬುರಗಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಎಚ್. ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ಫೆಬ್ರುವರಿ 5ರಿಂದ 7ರವರೆಗೆ ನಡೆಯಿತು. ಮಾರ್ಚ್ ಎರಡನೆಯ ವಾರದಲ್ಲಿ, ಅದೇ ಕಲಬುರಗಿಯಿಂದಲೇ, ದೇಶದ ಮೊದಲ ಕೋವಿಡ್ ಸಾವಿನ ಸುದ್ದಿ ಬಂತು. ಮಾರ್ಚ್ 25ರಿಂದ ದೇಶ ಬಾಗಿಲು ಹಾಕಿಕೊಂಡಿತು. ಪುಸ್ತಕದಂಗಡಿ ಮುಚ್ಚಿತು, ಅಚ್ಚುಕೂಟ ನಿಂತಿತು, ಹೊಸ ಪುಸ್ತಕದ ಲೇಖಕರು ಮನೆಯಲ್ಲಿ ಕುಳಿತರು.

ಏಪ್ರಿಲಿನಲ್ಲಿ ಜೈಪುರದವರು ‘ಬ್ರೇವ್ ನ್ಯೂ ವರ್ಲ್ಡ್’ ಎಂಬ ಹೆಸರಿನ ಆನ್‌ಲೈನ್ ಮಾತುಕತೆಗಳ ಸರಣಿ ಆರಂಭಿಸಿದರು. ನಿರ್ದೇಶಕರು, ಅತಿಥಿಗಳು, ತಾಂತ್ರಿಕ ಸಿಬ್ಬಂದಿ ಎಲ್ಲರೂ ತಮ್ಮ ತಮ್ಮ ಮನೆಗಳಲ್ಲಿ. ಹಿಂದೆ ಪುಸ್ತಕದ ಕಪಾಟು, ಮುಂದೆ ಲ್ಯಾಪ್‌ಟಾಪು. ಒಂದು ಉತ್ಸವ ವರ್ಷಕ್ಕೆ ಐದು ದಿನ ಇರುವ ಜಾತ್ರೆಯಾಗಿದ್ದದ್ದು, ವಾರವಾರವೂ ನಡೆಯುವ ಮಾತಿನ ಮನೆಯಾಯಿತು. ಬಳಿಕ ಅನುವಾದವನ್ನೇ ವಿಷಯವಾಗಿಟ್ಟುಕೊಂಡ ‘ವರ್ಡ್ಸ್ ಆರ್ ಬ್ರಿಡ್ಜಸ್’ ಎಂಬ ಇನ್ನೊಂದು ಸರಣಿಯೂ ಬಂತು. ಉತ್ಸವದ ಐದು ದಿನಗಳ ಗಡಿಬಿಡಿಯಲ್ಲಿ ದೊಡ್ಡ ಹೆಸರುಗಳ ನಡುವೆ ಭಾರತೀಯ ಭಾಷೆಗಳ ಅನುವಾದಕರಿಗೆ ಸಿಗುತ್ತಿದ್ದದ್ದು ಮೂಲೆಯ ಟೆಂಟು. ಆನ್‌ಲೈನಿನಲ್ಲಿ ಅವರಿಗೆ ಪ್ರತ್ಯೇಕ ಸಂಜೆ ಸಿಕ್ಕಿತು. ಲಾಕ್‌ಡೌನ್ ಕಾಲದ ಕೆಲಸಗಳಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ.

ಅದೇ ತಿಂಗಳುಗಳಲ್ಲಿ ಬ್ರಿಟನ್ನಿನ ಹಿರಿಯ ಉತ್ಸವಗಳೂ ಇದೇ ದಾರಿ ಹಿಡಿದಿದ್ದವು. ವೇಲ್ಸಿನ ಗಡಿಯ ಪುಟ್ಟ ಪಟ್ಟಣ ಹೇ-ಆನ್-ವೈ ಹಳೆ ಪುಸ್ತಕದಂಗಡಿಗಳಿಗೆ ಹೆಸರಾದದ್ದು; ಅಲ್ಲಿನ ಉತ್ಸವ 1988ರಷ್ಟು ಹಳೆಯದು. 2020ರ ಮೇ 18ರಿಂದ 31ರವರೆಗೆ ಅದು ಪೂರ್ತಿ ಆನ್‌ಲೈನಿನಲ್ಲಿ, ಉಚಿತವಾಗಿ ನಡೆಯಿತು. ವರ್ಡ್ಸ್‌ವರ್ತ್ ಹುಟ್ಟಿ 250 ವರ್ಷ ತುಂಬಿದ ನೆನಪಿಗೆ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಸ್ಟೀಫನ್ ಫ್ರೈ ಮೊದಲಾದವರು ತಾವಿದ್ದ ಜಾಗದಿಂದಲೇ ಕವಿತೆ ಓದಿದರು. ಎಡಿನ್‌ಬರೋದ ಅಂತಾರಾಷ್ಟ್ರೀಯ ಪುಸ್ತಕೋತ್ಸವ 1983ರಿಂದ ಷಾರ್ಲಟ್ ಚೌಕದ ತೋಟದಲ್ಲಿ ಟೆಂಟು ಹಾಕುತ್ತಿತ್ತು. 2020ರ ಆಗಸ್ಟ್ 15ರಿಂದ 31ರವರೆಗೆ ಅದರ ಸುಮಾರು 140 ಕಾರ್ಯಕ್ರಮಗಳೂ ಪರದೆಗೆ ಬಂದವು. ಬರ್ನಾರ್ಡಿನ್ ಎವಾರಿಸ್ಟೋ ಅವರನ್ನು ಸ್ಕಾಟ್ಲೆಂಡಿನ ಆಗಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಸಂದರ್ಶಿಸಿದ ಮಾತುಕತೆ ಆ ಸಾಲಿನದು. ಕೇಳುಗರು ಪ್ರಪಂಚದ ಎಲ್ಲ ಕಡೆಯಿಂದ ಬಂದರು. ಆದರೆ ಹೇ ಪಟ್ಟಣದ ವಸತಿಗೃಹಗಳು, ಊಟದ ಅಂಗಡಿಗಳು ಆ ಮೇ ತಿಂಗಳಲ್ಲಿ ಖಾಲಿ ಇದ್ದವು. ಉತ್ಸವವೊಂದು ಸಾಹಿತ್ಯದ ಸಂಸ್ಥೆಯಾಗಿರುವಂತೆ ಒಂದು ಊರಿನ ಜೀವನೋಪಾಯವೂ ಆಗಿರುತ್ತದೆ; ಪರದೆ ಎರಡನೆಯದನ್ನು ಹೊತ್ತು ತರಲಾರದು. ಜೈಪುರದ ಆಟೋ ಚಾಲಕರಿಗೂ ಕುಲ್ಹಡ್ ಚಹಾದವರಿಗೂ ಮುಂದಿನ ಚಳಿಗಾಲದಲ್ಲಿ ಅದೇ ಆಯಿತು.

2021ರ ಜೈಪುರ ಉತ್ಸವ ಫೆಬ್ರುವರಿ 19ರಿಂದ 28ರವರೆಗೆ, ಸಂಪೂರ್ಣ ಆನ್‌ಲೈನಿನಲ್ಲಿ. ಐದು ದಿನದ್ದು ಹತ್ತು ದಿನವಾಯಿತು. ಬೂಕರ್ ಪಡೆದು ಮೂರೇ ತಿಂಗಳಾಗಿದ್ದ ಡಗ್ಲಸ್ ಸ್ಟುವರ್ಟ್ ಬಂದರು. ಹವಾಮಾನ ಬಿಕ್ಕಟ್ಟಿನ ಬಗ್ಗೆ ಬಿಲ್ ಗೇಟ್ಸ್ ಬರೆದ ಪುಸ್ತಕ ಆ ವಾರವೇ ಹೊರಬಂದಿತ್ತು, ಅವರೂ ಬಂದರು. ತೊಂಬತ್ತು ದಾಟಿದ ನೋಮ್ ಚಾಮ್‌ಸ್ಕಿ ತಮ್ಮ ಮನೆಯಿಂದ ಮಾತಾಡಿದರು. ಆ ವಯಸ್ಸಿನಲ್ಲಿ ಅವರನ್ನು ಅಮೆರಿಕದಿಂದ ಜೈಪುರಕ್ಕೆ ಕರೆಸುವುದು ಯಾವ ಕಾಲಕ್ಕೂ ಆಗದ ಕೆಲಸ. ವಿಮಾನದ ವೆಚ್ಚ, ವೀಸಾ, ವಯಸ್ಸು, ಅನಾರೋಗ್ಯ, ಪುಟ್ಟ ಮಕ್ಕಳು: ಲೇಖಕರನ್ನು, ಅದರಲ್ಲೂ ಲೇಖಕಿಯರನ್ನು, ವೇದಿಕೆಯಿಂದ ದೂರ ಇಟ್ಟಿದ್ದ ಕಾರಣಗಳು ಒಂದೇ ಸಲಕ್ಕೆ ಹಗುರಾದವು. ಕೇಳುಗರಿಗೂ ಹಾಗೆಯೇ. ಹಾಸಿಗೆ ಹಿಡಿದವರು, ಗಾಲಿಕುರ್ಚಿಯವರು, ರಜೆ ಸಿಗದವರು, ಜೈಪುರ ಎಲ್ಲಿದೆ ಎಂದು ನಕಾಶೆಯಲ್ಲಷ್ಟೇ ನೋಡಿದವರು ಮೊದಲ ಸಾಲಿನಲ್ಲಿ ಕೂತರು.

ಈ ಗೋಷ್ಠಿಗಳು ನಡೆಯುತ್ತಿದ್ದ ಬಗೆಯನ್ನೂ ದಾಖಲಿಸಬೇಕು, ಏಕೆಂದರೆ ಅದು ಬೇಗ ಮರೆತುಹೋಗುತ್ತದೆ. ಮೊದಲು ಗಡಿಯಾರದ ಲೆಕ್ಕ. ಭಾರತದ ಸಂಜೆ ಏಳೂವರೆ ಎಂದರೆ ಚಳಿಗಾಲದ ಲಂಡನ್ನಿನಲ್ಲಿ ಮಧ್ಯಾಹ್ನ ಎರಡು, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತು. ಮೂರೂ ಕಡೆಯವರು ಎಚ್ಚರವಾಗಿರುವ ಆ ಕೆಲವೇ ಗಂಟೆಗಳಿಗಾಗಿ ಎಲ್ಲ ಗೋಷ್ಠಿಗಳ ಪೈಪೋಟಿ. ನೇರ ಪ್ರಸಾರಕ್ಕೆ ಮುಂಚೆ ಅತಿಥಿಗಳನ್ನು ಕೇಳುಗರಿಗೆ ಕಾಣದ ಒಂದು ತೆರೆಮರೆಯ ಕೋಣೆಗೆ ಸೇರಿಸಿ ಬೆಳಕು, ಧ್ವನಿ, ಇಂಟರ್ನೆಟ್ ವೇಗ ಪರೀಕ್ಷಿಸುತ್ತಿದ್ದರು. ಸಂಪರ್ಕ ಕೈಕೊಟ್ಟರೆ ಎಂದು ಹಲವು ಉತ್ಸವಗಳು ಮಾತುಕತೆಯನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಪ್ರಶ್ನೋತ್ತರಕ್ಕೆ ಮಾತ್ರ ಲೇಖಕರನ್ನು ನೇರ ತಂದವು. “ನನ್ನ ಧ್ವನಿ ಕೇಳಿಸುತ್ತಿದೆಯೇ”, “ಮ್ಯೂಟ್ ತೆಗೆಯಿರಿ” ಎಂಬ ಎರಡು ವಾಕ್ಯಗಳು ಸ್ವಾಗತ ಭಾಷಣದ ಜಾಗಕ್ಕೆ ಬಂದವು.

ಸಾಹಿತ್ಯಕ್ಕೆ ಇದರಿಂದ ಆದ ಲಾಭ ನಷ್ಟ ಎರಡೂ ಒಂದೇ ತೂಕದವಲ್ಲ. ಇಬ್ಬರ ಮಾತುಕತೆ ಪರದೆಯಲ್ಲಿ ಗೆದ್ದಿತು. ಲೇಖಕನ ಮುಖ ಕೈಯಳತೆಯ ದೂರಕ್ಕೆ ಬಂತು. ಸಾವಿರ ಜನರ ಎದುರು ಗಟ್ಟಿಯಾಗಿ ಮಾತಾಡುವ ಒತ್ತಡವಿಲ್ಲದೆ, ಓದಿನ ಕೋಣೆಯಲ್ಲಿ ಕೂತು ತಗ್ಗಿದ ದನಿಯಲ್ಲಿ ಹೇಳಿದ ಎಷ್ಟೋ ಮಾತುಗಳು ವೇದಿಕೆಯಲ್ಲಿ ಬರುತ್ತಿರಲಿಲ್ಲ. ಸೋತದ್ದು ನಾಲ್ಕೈದು ಜನರ ವಿಚಾರಗೋಷ್ಠಿ. ಗೋಷ್ಠಿಗೆ ಜೀವ ಬರುವುದು ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡಬಾಯಿ ಹಾಕಿದಾಗ, ಹುಬ್ಬು ಏರಿಸಿದಾಗ, ಪಕ್ಕದವರು ತಡೆಯಲಾರದೆ ನಕ್ಕಾಗ. ಆನ್‌ಲೈನಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೇಳಿಸದು. ಹಾಗಾಗಿ ನಿರ್ವಾಹಕರು ಸರದಿ ಕೊಡುತ್ತ ಹೋದರು, ಒಬ್ಬೊಬ್ಬರೂ ತಮ್ಮ ಪಾಲಿನ ಪುಟ್ಟ ಭಾಷಣ ಮುಗಿಸಿದರು, ಚರ್ಚೆ ಹುಟ್ಟಲಿಲ್ಲ. ಭಾಷಣಕಾರ ಯೋಚಿಸಲು ಒಂದು ಗಳಿಗೆ ಸುಮ್ಮನಾದರೆ ಸಂಪರ್ಕವೇ ಹೋಯಿತೇನೋ ಎಂದು ನಿರ್ವಾಹಕರು ಗಾಬರಿಯಾಗುತ್ತಿದ್ದರು. ಮೌನಕ್ಕೆ ಅಲ್ಲಿ ಜಾಗವಿರಲಿಲ್ಲ.

ಕೇಳುಗರ ಪ್ರಶ್ನೆ ಇನ್ನೂ ಗಂಭೀರವಾದ ವಿಷಯ. ಅಂಗಳದಲ್ಲಿ ಎದ್ದು ನಿಂತು ಮೈಕು ಹಿಡಿದವರ ಬಾಯಿ ಮುಚ್ಚಿಸುವುದು ಕಷ್ಟ. ಇಡೀ ಸಭೆ ನೋಡುತ್ತಿರುತ್ತದೆ. ಆನ್‌ಲೈನಿನಲ್ಲಿ ಪ್ರಶ್ನೆ ಅಕ್ಷರವಾಗಿ ಬರುತ್ತದೆ, ಅದನ್ನು ಓದುವುದೋ ಬಿಡುವುದೋ ನಿರ್ವಾಹಕರಿಗೆ ಬಿಟ್ಟದ್ದು. ಓದದ ಪ್ರಶ್ನೆ ಇತ್ತೆಂಬುದೇ ಉಳಿದವರಿಗೆ ಗೊತ್ತಾಗದು. ಸಾವಿರಾರು ಜನರಿಗೆ ತೆರೆದ ಬಾಗಿಲಿನ ಕೀಲಿ ಒಬ್ಬರ ಕೈಗೆ ಹೋದದ್ದು ಹೀಗೆ, ಯಾರೂ ಅದನ್ನು ಬಯಸಿ ಮಾಡಿದ್ದಲ್ಲದಿದ್ದರೂ.

ಮುಂಬೈಯಲ್ಲಿ ಅದು ಎದ್ದು ಕಾಣಿಸಿತು. ಪತ್ರಕರ್ತ ಅನಿಲ್ ಧಾರ್ಕರ್ 2010ರಲ್ಲಿ ಸ್ಥಾಪಿಸಿದ ಮುಂಬೈ ಸಾಹಿತ್ಯ ಉತ್ಸವ ಟಾಟಾ ಸಂಸ್ಥೆಯ ಪ್ರಾಯೋಜಕತ್ವದಲ್ಲಿ ‘ಟಾಟಾ ಲಿಟರೇಚರ್ ಲೈವ್’ ಎಂಬ ಹೆಸರಿನಿಂದ ನಡೆಯುತ್ತ ಬಂದದ್ದು. 2020ರ ನವೆಂಬರಿನ ಅದರ ಆನ್‌ಲೈನ್ ಆವೃತ್ತಿಯಲ್ಲಿ ನವೆಂಬರ್ 20ರ ರಾತ್ರಿ ಚಾಮ್‌ಸ್ಕಿ ಮತ್ತು ವಿಜಯ್ ಪ್ರಶಾದ್ ಅವರ ಮಾತುಕತೆ ನಿಗದಿಯಾಗಿತ್ತು. ಪ್ರಾಯೋಜಕರ ಉದ್ಯಮಗಳಿಂದ ಆದಿವಾಸಿಗಳಿಗೆ, ಪರಿಸರಕ್ಕೆ ಆಗಿದೆ ಎನ್ನಲಾದ ಹಾನಿಯನ್ನು ನೆನಪಿಸಿ, ಭಾಗವಹಿಸಬೇಡಿ ಎಂದು ಹೋರಾಟಗಾರರು ಇಬ್ಬರಿಗೂ ಬಹಿರಂಗ ಪತ್ರ ಬರೆದರು. ಇಬ್ಬರೂ ಹಿಂದೆ ಸರಿಯಲಿಲ್ಲ. ಮಾತುಕತೆಯ ಆರಂಭದಲ್ಲಿ ಈ ವಿಷಯದ ಬಗ್ಗೆ ಒಂದು ಹೇಳಿಕೆ ಓದುವುದೆಂದು ತೀರ್ಮಾನಿಸಿದರು. ಅದೇ ದಿನ ಗೋಷ್ಠಿ ರದ್ದಾಯಿತು. ಉತ್ಸವ ಇರುವುದು ವಿಚಾರಗಳ ಮುಕ್ತ ಅಭಿವ್ಯಕ್ತಿಗೆ, ನಿರ್ದಿಷ್ಟ ಸಂಸ್ಥೆಯೊಂದರ ವಿರುದ್ಧದ ಕಾರ್ಯಸೂಚಿಗೆ ಅಲ್ಲ ಎಂಬ ಅರ್ಥದಲ್ಲಿ ಧಾರ್ಕರ್ ಸಮರ್ಥಿಸಿಕೊಂಡರು. ಚಾಮ್‌ಸ್ಕಿ ಮತ್ತು ಪ್ರಶಾದ್ ತಮ್ಮ ಹೇಳಿಕೆಯನ್ನು ಬೇರೆ ಕಡೆ ಪ್ರಕಟಿಸಿದರು. ಮೂರು ತಿಂಗಳಲ್ಲಿ ಚಾಮ್‌ಸ್ಕಿ ಜೈಪುರದ ಪರದೆಯಲ್ಲಿ ಮಾತಾಡಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಇದೇ ಮುಂಬೈ ಉತ್ಸವದಲ್ಲಿ, ಇದೇ ಧಾರ್ಕರ್ ಅವರ ಕಾಲದಲ್ಲಿ, ಎಂಟು ವರ್ಷ ಹಿಂದೆ ನಡೆದ ಇನ್ನೊಂದು ಘಟನೆ ಕನ್ನಡದ ಓದುಗರಿಗೆ ಚೆನ್ನಾಗಿ ನೆನಪಿದೆ. 2012ರಲ್ಲಿ ಉತ್ಸವ ವಿ. ಎಸ್. ನೈಪಾಲ್ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿತ್ತು. ಗಿರೀಶ ಕಾರ್ನಾಡರು ತಮ್ಮ ರಂಗಭೂಮಿಯ ಬದುಕಿನ ಬಗ್ಗೆ ಮಾತಾಡಬೇಕಾಗಿತ್ತು. ಮೈಕಿನ ಮುಂದೆ ನಿಂತ ಕಾರ್ನಾಡರು ರಂಗಭೂಮಿಯನ್ನು ಬದಿಗಿಟ್ಟು, ಭಾರತದ ಮುಸ್ಲಿಮರ ಬಗ್ಗೆ, ಅವರ ಚರಿತ್ರೆಯ ಬಗ್ಗೆ ನೈಪಾಲ್ ಬರೆದದ್ದನ್ನು ಎಳೆಎಳೆಯಾಗಿ ಟೀಕಿಸಿದರು. ಇಂಥ ಬರಹಕ್ಕೆ ಪ್ರಶಸ್ತಿ ಕೊಟ್ಟವರನ್ನೂ ಪ್ರಶ್ನಿಸಿದರು. ಸಂಘಟಕರಿಗೆ ಇದು ಸರಿಬರಲಿಲ್ಲ, ಧಾರ್ಕರ್ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿದರು. ಆದರೆ ಹೇಳಿದ್ದು ಭಾಷಣ ಮುಗಿದ ಮೇಲೆ. ಸಭೆಯ ಎದುರು ನಿಂತ ಕಾರ್ನಾಡರನ್ನು ನಡುವೆ ನಿಲ್ಲಿಸುವ ದಾರಿ ಯಾರಿಗೂ ಇರಲಿಲ್ಲ. ಮರುದಿನದ ಪತ್ರಿಕೆಗಳಲ್ಲಿ ಪರ ವಿರೋಧ ಎರಡೂ ಬಂತು, ವಾರಗಟ್ಟಲೆ ಚರ್ಚೆ ನಡೆಯಿತು. ಕಾರ್ನಾಡರ ವಾದವನ್ನು ಒಪ್ಪದವರಿಗೂ ಆ ಭಾಷಣ ಕೇಳಲು ಸಿಕ್ಕಿತ್ತು.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎರಡೂ ಸಲ ಅತಿಥಿ ಆತಿಥೇಯರಿಗೆ ಇರಿಸುಮುರುಸಾಗುವ ಮಾತು ಆಡಲು ಹೊರಟವರೇ. ವೇದಿಕೆಯಲ್ಲಿ ಮಾತು ನಡೆದು ಆಮೇಲೆ ಜಗಳವಾಯಿತು. ಆನ್‌ಲೈನಿನಲ್ಲಿ ಮಾತೇ ನಡೆಯಲಿಲ್ಲ. ಅಂಗಳದ ಉತ್ಸವದಲ್ಲೂ ರದ್ದತಿ ಸಾಧ್ಯ, ಜೈಪುರದ 2012 ಅದಕ್ಕೆ ಸಾಕ್ಷಿ. ಆದರೆ ಅಲ್ಲಿ ಮಾಲೀಕರು ಸಾವಿರಾರು ಜನರ ಎದುರು ಬಂದು ನಿಂತು ಕಾರಣ ಹೇಳಬೇಕಾಯಿತು, ಜನ ಅವರ ಮುಖ ನೋಡಿದರು. ಪರದೆಯ ಗೋಷ್ಠಿ ರದ್ದಾಗಲು ಒಂದು ಇಮೇಲ್ ಸಾಕಾಗುತ್ತದೆ. ಉತ್ಸವಗಳು ಆನ್‌ಲೈನ್ ನಿಯಮಗಳನ್ನು ಬರೆಯುವಾಗ ಇದಕ್ಕೆ ಉತ್ತರ ಬರೆದಿಡಬೇಕು: ಆಹ್ವಾನ ಹೋದ ಮೇಲೆ ಗೋಷ್ಠಿಯನ್ನು ಕೈಬಿಡುವ ಅಧಿಕಾರ ಯಾರದು, ಕಾರಣವನ್ನು ಕೇಳುಗರಿಗೆ ಹೇಳುವ ಹೊಣೆ ಯಾರದು.

ಹಾಗೆಂದು ಅಂಗಳವೇ ಸುರಕ್ಷಿತ ಎಂದೂ ಹೇಳಲಾಗದು. 2022ರ ಆಗಸ್ಟ್ 12ರಂದು ನ್ಯೂಯಾರ್ಕ್ ರಾಜ್ಯದ ಷಟಾಕ್ವಾದಲ್ಲಿ ಉಪನ್ಯಾಸಕ್ಕೆ ಕೂತಿದ್ದ ರಶ್ದಿಯವರ ಮೇಲೆ ವೇದಿಕೆಯಲ್ಲೇ ಚಾಕುವಿನ ದಾಳಿಯಾಯಿತು, ಒಂದು ಕಣ್ಣಿನ ದೃಷ್ಟಿ ಹೋಯಿತು. ಬೆದರಿಕೆಯ ಅಡಿಯಲ್ಲಿ ಬದುಕುವ ಲೇಖಕರಿಗೆ ದೂರದಿಂದ ಮಾತಾಡುವ ವ್ಯವಸ್ಥೆ ಪ್ರಾಣದ ಪ್ರಶ್ನೆ. ಅಂಥವರಿಗಾಗಿಯಾದರೂ ಪರದೆಯ ವೇದಿಕೆ ಉಳಿಯಬೇಕು.

ಬೆಂಗಳೂರು ಸಾಹಿತ್ಯ ಉತ್ಸವ ಇಲ್ಲಿ ಬೇರೆಯದೇ ಹೆಜ್ಜೆ ಇಟ್ಟಿತು. 2012ರಲ್ಲಿ ಆರಂಭವಾದ ಇದು ದೊಡ್ಡ ಪ್ರಾಯೋಜಕರೊಬ್ಬರನ್ನೇ ನಂಬದೆ ಓದುಗರ, ಹಿತೈಷಿಗಳ ದೇಣಿಗೆಯ ಮೇಲೆ ನಿಲ್ಲುವ ದಾರಿ ಹಿಡಿದಿತ್ತು. 2020ರ ಡಿಸೆಂಬರ್ 12 ಮತ್ತು 13ರಂದು ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಅದರ ಆ ವರ್ಷದ ಆವೃತ್ತಿ ನಡೆಯಿತು: ಊರಿನಲ್ಲಿದ್ದ ಲೇಖಕರು ವೇದಿಕೆಯಲ್ಲಿ, ದೂರದವರು ಪರದೆಯಲ್ಲಿ, ಮಿತ ಸಂಖ್ಯೆಯ ಕೇಳುಗರು ಮಾಸ್ಕ್ ಧರಿಸಿ ಸಭಾಂಗಣದಲ್ಲಿ, ಉಳಿದವರು ಮನೆಯಲ್ಲಿ. ದೇಶದ ಬೇರೆ ಉತ್ಸವಗಳು ಪೂರ್ತಿ ಆನ್‌ಲೈನ್ ಆಗಿದ್ದ ಹೊತ್ತಿನಲ್ಲಿ ಇದು ಧೈರ್ಯದ ಕೆಲಸ. ಆ ಸೆಂಟರು ಲಾಕ್‌ಡೌನ್ ತಿಂಗಳುಗಳಲ್ಲಿ ‘ಬಿಐಸಿ ಸ್ಟ್ರೀಮ್ಸ್’ ಹೆಸರಿನಲ್ಲಿ ಆನ್‌ಲೈನ್ ಉಪನ್ಯಾಸಗಳನ್ನು ನಡೆಸಿ ಪಳಗಿತ್ತು, ಆ ಅನುಭವ ಉತ್ಸವಕ್ಕೆ ಒದಗಿತು. ಚಪ್ಪಾಳೆ ಕೇಳಿಸುವ ಒಂದು ಸಣ್ಣ ಸಭೆ ಎದುರಿಗಿದ್ದರೆ ಮಾತಾಡುವವರ ದನಿಯೇ ಬದಲಾಗುತ್ತದೆ ಎಂಬುದನ್ನು ಆ ಎರಡು ದಿನಗಳು ತೋರಿಸಿದವು. ಈಗ ಹೈಬ್ರಿಡ್ ಎಂದು ಎಲ್ಲರೂ ಕರೆಯುವ ಮಾದರಿಗೆ ನಮ್ಮ ನಾಡಿನಲ್ಲಿ ಅದು ಒಳ್ಳೆಯ ಆರಂಭ.

ಕನ್ನಡ ಸಾಹಿತ್ಯ ಸಮ್ಮೇಳನ ಮಾತ್ರ ಪರದೆಗೆ ಹೋಗಲಿಲ್ಲ. ಹಾವೇರಿಯಲ್ಲಿ ಆಗಬೇಕಾಗಿದ್ದ 86ನೆಯ ಸಮ್ಮೇಳನ ಮತ್ತೆ ಮತ್ತೆ ಮುಂದೆ ಹೋಗಿ, ಕೊನೆಗೆ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನಡೆದದ್ದು 2023ರ ಜನವರಿ 6ರಿಂದ 8ರವರೆಗೆ. ಕಲಬುರಗಿಗೂ ಹಾವೇರಿಗೂ ನಡುವೆ ಮೂರು ವರ್ಷಕ್ಕೆ ಒಂದೇ ತಿಂಗಳು ಕಡಿಮೆ. ಆನ್‌ಲೈನಿನಲ್ಲೇ ಮಾಡಿ ಮುಗಿಸಬಹುದಿತ್ತಲ್ಲ ಎಂದು ಕೇಳಿದವರಿದ್ದರು. ಆದರೆ ಸಮ್ಮೇಳನವೆಂದರೆ ಅಧ್ಯಕ್ಷರ ಮೆರವಣಿಗೆ, ಪುಸ್ತಕ ಮಳಿಗೆಗಳ ಸಾಲು, ಊಟದ ಸಾಲು, ಮಳಿಗೆಯಲ್ಲಿ ಕವಿಯನ್ನು ಕಂಡು ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವ ಹೈಸ್ಕೂಲ್ ಮೇಷ್ಟ್ರು. ಗೋಷ್ಠಿ ಅದರಲ್ಲಿ ಒಂದು ಪಾಲು ಅಷ್ಟೇ. ಕಾದದ್ದೇ ಸರಿಯಾಯಿತು. ಆದರೆ ಆ ಮೂರು ವರ್ಷದ ಮಾತುಗಳು ಎಲ್ಲಿ ಹೋದವು? ಅವು ಹೋದದ್ದು ಫೇಸ್‌ಬುಕ್ ಲೈವಿಗೆ, ಯೂಟ್ಯೂಬಿಗೆ, ಜೂಮಿಗೆ. ಪುಸ್ತಕ ಬಿಡುಗಡೆ, ಕವಿಗೋಷ್ಠಿ, ಶ್ರದ್ಧಾಂಜಲಿ ಸಭೆ, ಕುಮಾರವ್ಯಾಸ ವಾಚನ, ಕಾಲೇಜುಗಳ ವೆಬಿನಾರು ಎಲ್ಲವೂ ಅಲ್ಲೇ ನಡೆದವು. ಅಮೆರಿಕದ ಕನ್ನಡ ಕೂಟದವರೂ ಧಾರವಾಡದ ನಿವೃತ್ತ ಪ್ರಾಧ್ಯಾಪಕರೂ ಒಂದೇ ಚೌಕಟ್ಟಿನಲ್ಲಿ ಕೂತು ಹಳಗನ್ನಡ ಓದಿದ ಸಂಜೆಗಳು ಅವು.

ಜೈಪುರ 2022ರಲ್ಲಿ ಅಂಗಳಕ್ಕೆ ಮರಳಿತು, ಆದರೆ ಹಳೆಯ ಅಂಗಳಕ್ಕಲ್ಲ. ಜನವರಿಯ ಕೊನೆಗೆ ಗೊತ್ತಾಗಿದ್ದ ಉತ್ಸವ ಒಮಿಕ್ರಾನ್ ಅಲೆಯಿಂದ ಮಾರ್ಚಿಗೆ ಹೋಯಿತು. ಡಿಗ್ಗಿ ಅರಮನೆ ಬಿಟ್ಟು ಹೋಟೆಲ್ ಕ್ಲಾರ್ಕ್ಸ್ ಆಮೇರಿನ ವಿಶಾಲ ಆವರಣದಲ್ಲಿ 10ರಿಂದ 14ರವರೆಗೆ ನೆಲದ ಮೇಲಿನ ಗೋಷ್ಠಿಗಳು ನಡೆದವು. ಆನ್‌ಲೈನ್ ಕಾರ್ಯಕ್ರಮ ಅದಕ್ಕೂ ಮೊದಲು 5ರಿಂದಲೇ ಶುರುವಾಗಿತ್ತು. ಎಡಿನ್‌ಬರೋ ಕೂಡ 2021ರಲ್ಲಿ ಷಾರ್ಲಟ್ ಚೌಕ ಬಿಟ್ಟು ಅಲ್ಲಿನ ಕಲಾ ಕಾಲೇಜಿಗೆ ಸ್ಥಳಾಂತರಗೊಂಡು, ನೇರ ಪ್ರಸಾರಕ್ಕೆ ಬೇಕಾದ ಸ್ಟುಡಿಯೋ ಸಜ್ಜುಗೊಳಿಸಿಕೊಂಡಿತು. ಕ್ಯಾಮೆರಾ ಎಲ್ಲಿಡಬೇಕು ಎಂಬುದು ಈಗ ವೇದಿಕೆ ಎಲ್ಲಿ ಕಟ್ಟಬೇಕು ಎಂಬುದರ ಜೊತೆಗೇ ತೀರ್ಮಾನವಾಗುವ ಸಂಗತಿ.

ನಮಿತಾ ಗೋಖಲೆಯವರು ಉತ್ಸವದ ಗದ್ದಲವನ್ನೇ ಹಿನ್ನೆಲೆಯಾಗಿಟ್ಟು ಬರೆದ ‘ಜೈಪುರ್ ಜರ್ನಲ್ಸ್’ ಕಾದಂಬರಿ ಪ್ರಕಟವಾದದ್ದು 2020ರಲ್ಲಿ, ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡ ಒಂದು ಕುಟುಂಬದ ಕಥೆಯಾದ ‘ದ ಬ್ಲೈಂಡ್ ಮೇಟ್ರಿಯಾರ್ಕ್’ ಬಂದದ್ದು 2021ರಲ್ಲಿ. ಉತ್ಸವದ ನಿರ್ದೇಶಕಿಯೊಬ್ಬರ ಒಳಗಿನ ಆ ಎರಡು ವರ್ಷಗಳನ್ನು ತಿಳಿಯಲು ಯಾವ ವಾರ್ಷಿಕ ವರದಿಗಿಂತ ಈ ಎರಡು ಪುಸ್ತಕಗಳು ಹೆಚ್ಚು ಉಪಯುಕ್ತ.

ಇನ್ನು ಉಳಿಸಿಕೊಳ್ಳುವ ಕೆಲಸ. 1915ರಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಮೊದಲ ಸಮ್ಮೇಳನದಲ್ಲಿ ಯಾವ ಧ್ವನಿಮುದ್ರಣವೂ ಇರಲಿಲ್ಲ. ಆದರೂ ಸಮ್ಮೇಳನಾಧ್ಯಕ್ಷರ ಭಾಷಣಗಳು ಅಚ್ಚಾಗಿ, ಸಂಪುಟಗಳಾಗಿ ಇಂದಿಗೂ ಓದಲು ಸಿಗುತ್ತವೆ. 2020ರ ಮಾತುಗಳಿಗೆ ಧ್ವನಿ ಇದೆ, ಚಿತ್ರ ಇದೆ, ಆದರೆ ಅವು ಇರುವುದು ಪರರ ಗೋದಾಮಿನಲ್ಲಿ. 2025ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಒಂದು ಪ್ರಕಟಣೆ ಹೊರಡಿಸಿತು: ಇನ್ನು ಮುಂದೆ ನೇರ ಪ್ರಸಾರದ ವಿಡಿಯೋಗಳು 30 ದಿನ ಮಾತ್ರ ಉಳಿಯುತ್ತವೆ, ಹಳೆಯವನ್ನು ಅಳಿಸುವ ಮುನ್ನ ಇಳಿಸಿಕೊಳ್ಳಲು 90 ದಿನಗಳ ಅವಧಿ ಕೊಡಲಾಗುತ್ತದೆ. ಜೈಪುರದಂಥ ದೊಡ್ಡ ಉತ್ಸವಗಳಿಗೆ ತಮ್ಮದೇ ಸಂಗ್ರಹ ಇಟ್ಟುಕೊಳ್ಳುವ ಸಿಬ್ಬಂದಿ ಇದೆ. ತಾಲ್ಲೂಕು ಸಾಹಿತ್ಯ ಪರಿಷತ್ತಿಗೆ, ಓದುಗರ ಬಳಗಕ್ಕೆ, ಒಬ್ಬರೇ ಉಪನ್ಯಾಸಕರು ತಮ್ಮ ಮೊಬೈಲಿನಲ್ಲಿ ನಡೆಸಿದ ಕವಿಗೋಷ್ಠಿಗೆ ಅದಿಲ್ಲ. ಆ ಪುಟ ಯಾರ ಹೆಸರಿನಲ್ಲಿತ್ತೋ ಅವರೇ ಕೂತು ಇಳಿಸಿಕೊಳ್ಳಬೇಕಾಗಿತ್ತು. ಅವರು ತೀರಿಕೊಂಡಿದ್ದರೆ, ಗುಪ್ತಪದ ಮರೆತಿದ್ದರೆ ಅದೂ ಆಗುವಂತಿರಲಿಲ್ಲ.

ಆ ವರ್ಷಗಳಲ್ಲಿ ಪರದೆಯಲ್ಲಿ ಕೊನೆಯ ಬಾರಿ ಮಾತಾಡಿ ಹೋದ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ಜಿಲ್ಲಾ ಪರಿಷತ್ತುಗಳು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು, ಹೊರನಾಡಿನ ಕನ್ನಡ ಸಂಘಗಳು ತಮ್ಮ ಬಳಿ ಉಳಿದಿರುವ ಮುದ್ರಣಗಳನ್ನು ಈಗಲೇ ಒಂದೆಡೆ ಸೇರಿಸಬೇಕು. ಪ್ರತಿ ಕಡತಕ್ಕೂ ದಿನಾಂಕ, ವಿಷಯ, ಮಾತಾಡಿದವರು, ನಿರ್ವಹಿಸಿದವರು ಎಂಬ ನಾಲ್ಕು ವಿವರ ಬರೆದು, ಒಂದು ಪ್ರತಿ ತಮ್ಮಲ್ಲಿ, ಇನ್ನೊಂದು ಯಾವುದಾದರೂ ಗ್ರಂಥಾಲಯದಲ್ಲಿ ಇರಿಸಬೇಕು. ಸಾಧ್ಯವಾದಲ್ಲಿ ಮಾತನ್ನು ಬರಹಕ್ಕಿಳಿಸಿ ಅಚ್ಚು ಮಾಡಬೇಕು. ಪ್ರಕಟವಾಗಿ ನಡೆಯದೆ ಹೋದ ಗೋಷ್ಠಿಗಳಿದ್ದರೆ ಅವುಗಳ ಹೆಸರನ್ನೂ, ಕೈಬಿಟ್ಟ ಕಾರಣವನ್ನೂ ಅದೇ ಪಟ್ಟಿಯಲ್ಲಿ ಸೇರಿಸಬೇಕು.